ಡ್ಯೂಟಿ ಮೇಲಿದ್ದ ಗಡ್ಡ

ನಮ್ಮ ಕಟಿಂಗ್ ಶಾಪಿನವನದು ಒಂದೇ ಹಟ. ಒಬ್ಬನ ಕೆನ್ನೆಗೆ ನೊರೆ ಹಚ್ಚಿದ ಮೇಲೆ ಆಕಾಶ ಕಳಚಿ ಬಿದ್ದರೂ ಬ್ಲೇಡು ಇನ್ನೊಬ್ಬನ ಕಡೆ ತಿರುಗುವುದಿಲ್ಲ. ಮದುವೆ ಗಂಡು ಬಂದರೂ ಅಷ್ಟೆ, ಸ್ವಂತ ಭಾವಮೈದುನ ಬಂದರೂ ಅಷ್ಟೆ.

ಒಂದು ರಜೆಯ ದಿನ ಇನ್‌ಸ್ಪೆಕ್ಟರ್ ಸಾಹೇಬರು ಮನೆಯ ಪೈಜಾಮದಲ್ಲೇ ಬಂದರು. ಕುರ್ಚಿಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಮುಖದ ತುಂಬ ನೊರೆ.

"ಏಯ್, ಅವನನ್ನ ಎಬ್ಬಿಸು."

"ಕೂತ್ಕೊಳ್ಳಿ ಸಾರ್. ಇವರದು ಇನ್ನೊಂದು ಕೆನ್ನೆ ಬಾಕಿ ಇದೆ."

ಅಷ್ಟಕ್ಕೇ ಸಾಹೇಬರ ಪಿತ್ತ ನೆತ್ತಿಗೇರಿತು. ಠಾಣೆಗೆ ಫೋನು, ಜೀಪು, ಲಾಕಪ್ಪು. ಮೇಷ್ಟ್ರು ಒಂದೇ ಕೆನ್ನೆ ಬೋಳಾಗಿ ಬೀದಿಯಲ್ಲಿ ನಿಂತರು. ದೂರಿಲ್ಲ, ಕೇಸಿಲ್ಲ, ಯಾಕೆ ಅಂತ ಒಂದು ಮಾತಿಲ್ಲ. ಕಟಿಂಗ್ ಶಾಪಿನವನನ್ನು ಎರಡು ದಿನ ಕೂಡಿಹಾಕಿ, ಬೆನ್ನಿಗೆ ಚೆನ್ನಾಗಿ ಬಿಗಿದು ಹೊರಗೆ ತಳ್ಳಿದರು. ಹೀಗೆಲ್ಲ ಮಾಡಬಾರದು ಅಂತ ಸಂವಿಧಾನದಲ್ಲಿ ಬರೆದಿದೆಯಂತೆ. ಬರೆದವರು ಈ ಠಾಣೆಯ ಕಡೆ ಬಂದಿರಲಿಕ್ಕಿಲ್ಲ!

"ಹಾಕೋದಾದ್ರೆ ಸರ್ಕಾರದ ಮೇಲೆ ಕೇಸು ಹಾಕ್ರೀ, ಪೊಲೀಸರನ್ನ ಎದುರು ಹಾಕ್ಕೋಬೇಡಿ" ಅಂದಳು ಅವನ ಹೆಂಡತಿ.

"ನನ್ನ ಕತ್ತಿನಪಟ್ಟಿ ಹಿಡಿದಿದ್ದು ಸರ್ಕಾರವೇನೇ? ಹಿಡಿದೋನು ಆ ಇನ್‌ಸ್ಪೆಕ್ಟ್ರು. ಅವನೇ ಕಟಕಟೆ ಹತ್ತಬೇಕು."

ಹತ್ತಿಸುವುದೇನು ಸುಲಭವೇ? ಕೇಸು ಹಾಕಿದ ಮೇಲೆ ಕೋರ್ಟಿನಲ್ಲಿ ಸಾಹೇಬರ ಲಾಯರು ಎದ್ದು ನಿಂತು, "ನಮ್ಮ ಕಕ್ಷಿದಾರರು ಕರ್ತವ್ಯದ ಮೇಲಿದ್ದರು. ಸರ್ಕಾರದ ಅನುಮತಿ ಇಲ್ಲದೆ ಅವರ ಮೇಲೆ ಕೇಸು ನಡೆಸುವಂತಿಲ್ಲ" ಅಂದ. ಅನುಮತಿ ಕೇಳಿ ಕಟಿಂಗ್ ಶಾಪಿನವನು ಕೊಟ್ಟಿದ್ದ ಅರ್ಜಿಯೋ, ವರ್ಷಗಟ್ಟಲೆಯಿಂದ ಯಾವುದೋ ಮೇಜಿನ ಮೇಲೆ ಗೊರಕೆ ಹೊಡೆಯುತ್ತಿತ್ತು. ಜಡ್ಜು ಹೂಂ ಅಂದರೆ ಕೇಸು ಅಲ್ಲಿಗೇ ಢಮಾರ್.

ಜಡ್ಜಮ್ಮ ಕನ್ನಡಕ ಏರಿಸಿದರು. "ಗಡ್ಡ ಮಾಡಿಸಿಕೊಳ್ಳೋದು ಯಾವ ಕರ್ತವ್ಯ?"

ಲಾಯರು ತೋಳು ಜಗ್ಗಿದರೂ ಸಾಹೇಬರ ಬಾಯಿ ನಿಲ್ಲಲಿಲ್ಲ. "ಪೊಲೀಸು ಅಂದ್ರೆ ಹಗಲೂ ರಾತ್ರಿ ಡ್ಯೂಟೀನೇ ಮೇಡಂ!"

"ಸರಿ. ಅವನು ಮಾಡಿದ ಅಪರಾಧ?"

"ನನಗೇ ಕಾಯೋಕೆ ಹೇಳಿದ ಮೇಡಂ!"

ಕೋರ್ಟು ಹಾಲ್ ಗೊಳ್ಳೆಂದಿತು. ಲಾಯರು ತಲೆ ಮೇಲೆ ಕೈಹೊತ್ತು ಕೂತ.

"ನಿಮ್ಮ ಗಡ್ಡ ಸರ್ಕಾರದ್ದಲ್ಲ. ಯಾರ ಅನುಮತಿಯೂ ಬೇಕಿಲ್ಲ. ಕಟಕಟೆಗೆ ಹೋಗಿ."

ಸಾಹೇಬರು ಅಕ್ಕಪಕ್ಕ ನೋಡಿದರು. ಸೆಲ್ಯೂಟ್ ಹೊಡೆಯುವವರು ಯಾರೂ ಇರಲಿಲ್ಲ. ಮೆಟ್ಟಿಲು ಹತ್ತಿದರು.

"ಹೆಸರು? ತಂದೆ ಹೆಸರು?" ಗುಮಾಸ್ತ ತಲೆ ಎತ್ತದೆ ಕೇಳಿದ. "ಸ್ವಲ್ಪ ಜೋರಾಗಿ ಹೇಳಪ್ಪಾ."

"ಸಾಕು, ಮನೆಗೆ ನಡೀರಿ" ಹೆಂಡತಿ ಪಿಸುಗುಟ್ಟಿದಳು. "ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ."

"ಇರೇ" ಅಂದ ಕಟಿಂಗ್ ಶಾಪಿನವನು, ಬೆಂಚಿನ ತುದಿಗೆ ಜರುಗುತ್ತಾ. "ಈಗ ಬಾಯಿ ಬಿಡ್ತಿದಾನೆ. ಕೇಳಬೇಡ್ವಾ?"