ಮರೆಪ್ಪ ಹಾಕಿದ ಉಕ್ಕಿನ ತಂತಿ

ಜೋರಾಪುರ ಪೇಟೆಯಲ್ಲಿ ನನ್ನ ಬಡಿಗತನದ ಅಂಗಡಿ, ಎದುರಿಗೆ ಮರೆಪ್ಪನ ಮನೆ. ಮೂವತ್ತು ವರ್ಷ ಭಜನಾ ಮೇಳದಲ್ಲಿ ಏಕತಾರಿ ಮೀಟಿದ ಮನುಷ್ಯ. ಮೀಟುವುದು ಬಲ್ಲ, ಸುಮ್ಮನಿರುವುದು ಅರಿಯ.

ಹೆಂಡತಿ ಇಲ್ಲ, ಹೆಣ್ಣುಮಕ್ಕಳು ಹುಟ್ಟಲಿಲ್ಲ. ಮಗ ರಾಹುಲನ ಮದುವೆಯಾಗಿ ಸೊಸೆ ಆಮ್ರಪಾಲಿ ಮನೆಗೆ ಬಂದಾಗ ಪೇಟೆ ತುಂಬ ಪೇಢೆ ಹಂಚಿದ್ದ. ಆದರೆ ಎಂಟು ತಿಂಗಳಾದರೂ ಆ ಹುಡುಗಿಯ ಬಾಯಲ್ಲಿ ಮಾವನಿಗೆ "ಹೂಂರಿ" ಬಿಟ್ಟು ಎರಡನೆಯ ಮಾತಿಲ್ಲ.

"ಬೀಗರ ಮನಿಗೆ ಬಂದಂಗ ಅದಾಳ ಸಮದಭಾಯ್. ನಾ ಚಾ ಚೆಲ್ಲಿದ್ರೂ ಸುಮ್ನ ಒರಸ್ತಾಳ, ಒಂದ ಮಾತ ಅನ್ನಂಗಿಲ್ಲ" ಎಂದು ನನ್ನ ಅಂಗಡಿಯಲ್ಲಿ ಕೂತು ಹಲುಬುತ್ತಿದ್ದ.

ತವರು ಕಾಖಂಡಕಿಗೆ ವಾರದ ಮಟ್ಟಿಗೆ ಹೊರಟವಳು ಮೊದಲ ಬಾರಿ ಅವನಿಗೊಂದು ಕೆಲಸ ಹೇಳಿದಳು. ಅವಳ ಹತ್ತಿರ ಒಂದು ಯುಕುಲೇಲಿ ಇತ್ತು, ನಾಲ್ಕು ನೈಲಾನ್ ತಂತಿಯ ಮರಿ ಗಿಟಾರು. ಓದುವಾಗ ಯಾರದೋ ಹಳೆಯದನ್ನು ಅಗ್ಗಕ್ಕೆ ಕೊಂಡಿದ್ದಳು. ಈಗ ಬಿಜ್ಜರಗಿಯ ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವಾಗ ಅದೇ ಬೇಕು. "ತಂತಿ ಹಳೇವಾಗ್ಯಾವ್ರಿ ಮಾವಾರ, ಬ್ಯಾರೆ ಹಾಕ್ತೀರೇನ್ರಿ?"

ಮರೆಪ್ಪ ಹಿಗ್ಗಿ ಹೀರೇಕಾಯಿಯಾದ. ಹಿಗ್ಗಿನಲ್ಲಿ ಬುದ್ಧಿ ಎಲ್ಲಿರುತ್ತದೆ? ನೈಲಾನಿನ ದನಿ ಸಣ್ಣದಾಯಿತೆಂದು ತನ್ನ ಏಕತಾರಿಗೆಂದು ಇಟ್ಟಿದ್ದ ಉಕ್ಕಿನ ತಂತಿಯನ್ನೇ ತುಂಡರಿಸಿ ನಾಲ್ಕೂ ಕಡೆ ಬಿಗಿದ. ಮಧ್ಯಾಹ್ನದ ಹೊತ್ತಿಗೆ ತಂತಿ ಕಟ್ಟುವ ಪಟ್ಟಿ ಹಲಗೆಯಿಂದ ಟಪ್ಪನೆ ಕಿತ್ತು ಬಂತು. ಕುತ್ತಿಗೆಯ ತುದಿಯಲ್ಲಿ ತಂತಿ ಹಾಯುವ ಪ್ಲಾಸ್ಟಿಕ್ ತುಂಡೂ ಸೀಳಿತು.

"ಮೊದಲನೇ ಸಲ ಕೇಳಿದ್ಳು, ಅದನ್ನೂ ಹಾಳ ಮಾಡಿದ್ನೆಪಾ" ಎನ್ನುವಾಗ ಅವನ ಕಣ್ಣಲ್ಲಿ ನೀರಿತ್ತು. ನನಗೆ ಸಿಟ್ಟೂ ಬಂತು, ಪಾಪವೂ ಅನಿಸಿತು. "ಅದೇನ ದನಾ ಕಟ್ಟೂ ಗೂಟ ಅನ್ಕೊಂಡೇನಲೇ?" ಎಂದು ಬೈಯುತ್ತಲೇ ಅವನ ಮನೆಗೆ ಹೋದೆ.

ಹಳೆಯ ಅಂಟು ಕೆರೆದು ಹೊಸದು ಹಚ್ಚಿ, ಪಟ್ಟಿಯನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಇಡೀ ದಿನ ಮುಟ್ಟಲಿಲ್ಲ. ಪ್ಲಾಸ್ಟಿಕ್ಕಿನ ಜಾಗದಲ್ಲಿ ಎಲುಬು ಕೂರಿಸೋಣ, ದನಿ ಸುಧಾರಿಸುತ್ತದೆ ಎಂದೆ. ನಿಜಾಮುದ್ದೀನನ ಮಟನ್ ಅಂಗಡಿಯಿಂದ ಆಡಿನ ಕಾಲೆಲುಬು ತಂದು, ಕುದಿಸಿ, ಬಿಸಿಲಿಗೆ ಒಣಗಿಸಿ, ಮರೆಪ್ಪ ಎರಡು ದಿನ ಅರದಿಂದ ಉಜ್ಜಿದ. ಬೆರಳಿನ ತೊಗಲು ಕಿತ್ತರೂ ಬಿಡಲಿಲ್ಲ. ಅದರಲ್ಲಿ ನಾಲ್ಕು ಗೀರು ಕೊರೆದು, ಹೊಸ ನೈಲಾನ್ ತಂತಿ ಏರಿಸಿ ಮೀಟಿದರೆ ದನಿ ಮೊದಲಿಗಿಂತ ತಿಳಿಯಾಗಿತ್ತು.

"ಹೇಳಬ್ಯಾಡ, ಗೊತ್ತಾಗಂಗಿಲ್ಲ" ಎಂದೆ.

ಆಮ್ರಪಾಲಿ ಬಂದು ಚಪ್ಪಲಿ ಬಿಡುವ ಮೊದಲೇ ಆಸಾಮಿ ಎಲ್ಲ ಒದರಿಬಿಟ್ಟ. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಯುಕುಲೇಲಿಯನ್ನು ತಿರುತಿರುಗಿಸಿ ನೋಡಿದಳು. ಮಾವನ ಬೆರಳಿಗೆ ಸುತ್ತಿದ ಬಟ್ಟೆಯನ್ನೂ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಶುರುಮಾಡಿದಳು.

"ಇದಕ್ಕ ಯಾರರ ಉಕ್ಕಿನ ತಂತಿ ಹಾಕ್ತಾರೇನ್ರಿ ಮಾವಾರ? ಒಂದ ಫೋನ್ ಮಾಡಿ ಕೇಳಾಕ ಏನಾಗಿತ್ರಿ? ಬೆರಳ ನೋಡ್ರಿ, ಹೆಂಗ ಮಾಡ್ಕೊಂಡೀರಿ! ನಿಮ್ಮ ಕೈಯಾಗ ಏನೂ ಕೊಡಬಾರ್ದ ನೋಡ್ರಿ!"

ನಾನು ಮೆಲ್ಲಗೆ ಅಂಗಡಿಗೆ ಜಾರಿದೆ. ಸ್ವಲ್ಪ ಹೊತ್ತಿಗೆ ಮರೆಪ್ಪ ಓಡಿ ಬಂದ. ಮುಖ ತುಂಬ ನಗು.

"ಸಮದಭಾಯ್, ಬೈದ್ಳು! ಇನ್ನೂ ಬೈಯೂದೈತಂತ, ನಾ ಹೊಂಟೆ" ಎಂದವನೇ ಬಂದಷ್ಟೇ ಬೇಗ ಮನೆಗೆ ಓಡಿದ.