ತುಳಸವ್ವನ ಗಂಟು

ಜುಗೂಳದ ತುಳಸವ್ವ ಅರವತ್ತು ವರ್ಷದ ಬಾಳಿನಲ್ಲಿ ಮನೆಗೆ ಬೀಗ ಹಾಕಿ ಹೊರಬಿದ್ದದ್ದು ಕೃಷ್ಣಾ ಹೊಳೆ ಉಕ್ಕಿ ಊರೊಳಗೆ ನುಗ್ಗಿದಾಗ ಮಾತ್ರ. ಈಗ ಸೊಸೆ ನೀಲಮ ರಂಕಾಳ ಕೆರೆ, ಗೋಕಾಕದ ಕಮರಿ ಅಂತ ಮನೆಮಂದಿಗೆಲ್ಲ ಮೂರು ದಿನದ ಪ್ರವಾಸ ಗೊತ್ತುಮಾಡಿದ್ದೇ ತಡ, ತುಳಸವ್ವನಿಗೆ ನಿಂತಲ್ಲಿ ನಿಲ್ಲಲಾಗದು. ಬೇಸಿಗೆಗೆ ಬತ್ತಿದ ಹೊಳೆಯನ್ನು ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಬರುತ್ತಿದ್ದಳು.

ಹೊರಡುವ ಮುಂಜಾನೆ ನೀಲಮ ಅತ್ತೆಯ ಗಂಟು ಬಿಚ್ಚಿದಳು. ಒಳಗೆ ಒಂದು ಸೀರೆಯೂ ಇರಲಿಲ್ಲ. ಹೊಲದ ಉತಾರದ ಕಾಗದ, ರೇಷನ್ ಕಾರ್ಡು, ಬೀಜದ ಜೋಳ, ಗೋಡೆಯಿಂದ ಇಳಿಸಿದ ಗಂಡನ ಫೋಟೊ ಇದ್ದವು.

"ಅತ್ತಿ, ಹೊಳಿ ಬಂದಿಲ್ರಿ. ನಾವ ನೀರು ನೋಡಾಕ ಹೊಂಟೇವಿ!"

"ಗೊತ್ತೈತಿ ಬಿಡವಾ," ಎಂದು ತುಳಸವ್ವ ಸಿಡುಕಿದಳು. ಆಮೇಲೆ ಹೊಸ್ತಿಲಲ್ಲಿ ನಿಂತು, ಒಳಗೊಮ್ಮೆ ನೋಡಿ ಕೇಳಿದಳು: "ಹಂಗಾದ್ರ ತಿರುಗಿ ಬಂದ ಮ್ಯಾಲ ಮನ್ಯಾಗಿನ ರಾಡಿ ಬಳಿದು ಹೊರಗ ಹಾಕೂದು ಇರೂದಿಲ್ಲೇನ?"