ಬಾಯಿ ಮುಚ್ಚುವ ಪರೀಕ್ಷೆ

ವಸತಿ ಸಲಹೆಗಾರ್ತಿಯ ಸರ್ಟಿಫಿಕೇಟ್ ನನಗೆ ಈ ಜನ್ಮದಲ್ಲಿ ಸಿಗುವುದಿಲ್ಲ ಎಂದವರು ನನ್ನ ದೊಡ್ಡಮ್ಮ. ನಾನು ಪದವಿ ಓದಲು ಹೊರಟಾಗಲೂ "ನಮ್ಮ ಮನೆಯಲ್ಲಿ ಹೈಸ್ಕೂಲು ದಾಟಿದವರು ಯಾರುಂಟು?" ಎಂದಿದ್ದರು. ಹಗಲು ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಗೆ ಹೋಗಿ ಆ ಮಾತನ್ನು ಸುಳ್ಳು ಮಾಡಿದ್ದೆ.

ಈಗ ಹೊಸ ತಕರಾರು. "ಮನೆ ತೋರಿಸ್ಲಿಕ್ಕೂ ಪರೀಕ್ಷೆ ಉಂಟಾ ಮಾರಾಯ್ತಿ?"

"ತೋರಿಸುದಲ್ಲ ದೊಡ್ಡಮ್ಮ. ಬಾಡಿಗೆಗೆ ಇರುದಾ, ಕೊಳ್ಳುದಾ ಅಂತ ಗೊತ್ತಾಗದೆ ಬರ್ತಾರಲ್ಲ, ಅವರ ಜೊತೆ ಕೂತು ಮಾತಾಡುದು."

"ಮಾತಾಡ್ಲಿಕ್ಕೆ ನಿಂಗೆ ಯಾರೂ ಕಲಿಸ್ಬೇಕಾಗಿಲ್ಲ. ಬಾಯಿ ಮುಚ್ಚುವ ಪರೀಕ್ಷೆ ಆದ್ರೆ ಮಾತ್ರ ಫೇಲು!"

ನಾವು ನೆಲೆಸಿದ ಪರದೇಶದ ನಗರದಲ್ಲಿ, ಬ್ರಿಕ್‌ಫೀಲ್ಡ್ಸ್ ಎಂಬ ಬಡಾವಣೆಯ ಹೂವಿನಂಗಡಿಯ ಮೇಲಿದ್ದ ಪುಟ್ಟ ವಸತಿ ಸಲಹಾ ಕೇಂದ್ರದಲ್ಲಿ ನಾನು ಫೋನ್ ಎತ್ತುವವಳು. ಕೊರೊನಾ ಶುರುವಾದಾಗ, ಸರ್ಟಿಫಿಕೇಟ್ ಇದ್ದ ಒಬ್ಬರೇ ಸಲಹೆಗಾರ್ತಿ ರಜೆಗೆಂದು ಊರಿಗೆ ಹೋಗಿದ್ದರು. ಗಡಿ ಮುಚ್ಚಿತು, ಅವರು ಮರಳಲಿಲ್ಲ. ನಮಗೆ ಮಾನ್ಯತೆ ಕೊಟ್ಟವರ ನಿಯಮದಲ್ಲಿ ರಿಯಾಯಿತಿ ಇರಲಿಲ್ಲ. ಪರೀಕ್ಷೆ ಪಾಸಾದ ಒಬ್ಬರಾದರೂ ಪೂರ್ಣಾವಧಿ ಕೆಲಸದಲ್ಲಿರಬೇಕು, ಇಲ್ಲವೇ ಬೋರ್ಡು ಇಳಿಸಿ ಕೇಂದ್ರ ಮುಚ್ಚಬೇಕು. ಪರೀಕ್ಷೆಗೆ ಕೂರಲು ಪದವಿ ಬೇಕು. ಉಳಿದವರಲ್ಲಿ ಅದಿದ್ದದ್ದು ನನ್ನೊಬ್ಬಳಿಗೆ.

ಲಿಖಿತ ಪರೀಕ್ಷೆ ದಾಟಿದೆ. ಆಮೇಲೆ ವಿಡಿಯೊದಲ್ಲಿ ನಟನೆಯ ಭೇಟಿ, ಪರೀಕ್ಷಕರೇ ಬಾಡಿಗೆದಾರ. "ಮಾಲೀಕರು ಮನೆ ಮಾರ್ತಾರಂತೆ, ಏನು ಮಾಡ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಗರದಂಚಿನ ಪುಚೊಂಗ್‌ಗೆ ಬನ್ನಿ, ಅಗ್ಗ, ರೈಲು ಹತ್ತಿರ ಎಂದೆ. ಇಡ್ಲಿ ಹಿಟ್ಟು ಯಾವ ಅಂಗಡಿಯಲ್ಲಿ ಚೆನ್ನಾಗಿರುತ್ತದೆ ಎಂಬುದನ್ನೂ ಹೇಳಿದೆ.

"ಬಾಡಿಗೆದಾರನ ಮನೆ ನೀವೇ ಆರಿಸಿಬಿಟ್ಟಿರಲ್ಲ, ಲಾ," ಎಂದರು ಪರೀಕ್ಷಕರು, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಬಿಡದೆ. ಫೇಲು. ಇನ್ನೊಂದೇ ಅವಕಾಶ.

ನಮ್ಮಲ್ಲಿ ಕಷ್ಟ ಹೇಳಿಕೊಂಡು ಬಂದವರಿಗೆ ದಾರಿ ಹೇಳದಿದ್ದರೆ, ಊಟದ ಹೊತ್ತಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಿದ ಹಾಗೆ. ಹೇಳದಿರುವುದು ಅರ್ಹತೆಯಾಗುವುದು ಹೇಗೆ? ಪತ್ತೆಹಚ್ಚಲು ದೊಡ್ಡಮ್ಮನನ್ನೇ ಗಿರಾಕಿಯಾಗಿ ಕೂರಿಸಿದೆ.

"ನಂಗೆ ಮನೆ ಬದಲಿಸ್ಬೇಕು," ಎಂದರು, ನಗು ತಡೆದುಕೊಂಡು.

ಬಾಂಗ್ಸಾರ್ ಬಡಾವಣೆ ಬೇಡ, ದುಬಾರಿ ಎನ್ನಲಿದ್ದ ನಾಲಿಗೆಯನ್ನು ಕಚ್ಚಿ ಹಿಡಿದೆ. "ಯಾಕೆ?"

"ಇಷ್ಟು ಮೇಲಿನ ಮಹಡಿ. ಯಾರು ಬಂದ್ರು, ಹೋದ್ರು, ಒಂದೂ ಗೊತ್ತಾಗುದಿಲ್ಲ."

"ಗೊತ್ತಾದ್ರೆ?"

ಅವರ ನಗು ನಿಂತಿತು. "ಮಾತಾಡಿಸ್ಬಹುದಿತ್ತು."

ಒಂದೇ ಮನೆಯಲ್ಲಿದ್ದೂ ನನಗದು ಹೊಸ ಸುದ್ದಿ. ಇಷ್ಟೇ ಕೇಳಿದ್ದಕ್ಕೆ ಇಷ್ಟು ಹೊರಬಂತಲ್ಲ! ಮತ್ತೆ ಕೇಳಿದೆ, ದಿನವೂ ಕೇಳಿದೆ.

ಎರಡನೇ ಸಲ ಪರೀಕ್ಷಕರಿಗೆ ಬಾಡಿಗೆ ಒಪ್ಪಂದದ ಪ್ರಕಾರ ಬಾಡಿಗೆದಾರನಿಗಿರುವ ಹಕ್ಕುಗಳನ್ನಷ್ಟೇ ತಿಳಿಸಿದೆ. ಉಳಿದದ್ದೆಲ್ಲ ಪ್ರಶ್ನೆ. ಮಗಳ ಶಾಲೆ ಬಿಟ್ಟು ದೂರ ಹೋಗಲಾರೆ ಎಂದು ಆ ಬಾಡಿಗೆದಾರ ತಾನಾಗಿ ಹೇಳಿದ.

ನಿರ್ಬಂಧ ಸಡಿಲವಾದ ಮೇಲೆ, ಕೇಂದ್ರದ ಮುಖ್ಯಸ್ಥೆ ಪ್ಲಾಸ್ಟಿಕ್ ಪರದೆಯ ಅಡಿಯಿಂದ ಸರ್ಟಿಫಿಕೇಟ್ ನನ್ನ ಕೈಗಿತ್ತರು. ಬೋರ್ಡು ಉಳಿಯಿತು. ಮಾಸ್ಕ್ ಹಾಕಿಕೊಂಡು ಬಂದಿದ್ದ ದೊಡ್ಡಮ್ಮ ಮೊಹರಿನ ಮೇಲೆ ಬೆರಳಾಡಿಸಿದರು. ಆಮೇಲೆ ಗಿರಾಕಿಗಳ ಕುರ್ಚಿಯನ್ನು ಎಳೆದುಕೊಂಡು ಕೂತರು.

"ಬಾಯಿ ಮುಚ್ಚಿದ್ದಕ್ಕೂ ಸೀಲು ಹಾಕಿ ಕೊಡ್ತಾರಾ! ಸರಿ, ಈಗ ನಿಜವಾಗಿ ಕೇಳು ಮಗಾ, ನಂಗೆ ಎಂಥ ಮನೆ ಬೇಕು ಅಂತ."